ಬೀಗ ಮತ್ತು ಬೀಗದ ಕೈ: ಎಮಿಲ್ ಫಿಶರ್ ಅವರ ಬದುಕು, ನಮ್ಮ ಪಾಠ

ಕಿಣ್ವಗಳ ಪಾಠಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳೆಲ್ಲರೂ ಕಪ್ಪುಹಲಗೆಯ ಮೇಲೆ ಒಂದೇ ಚಿತ್ರ ಬರೆಯುತ್ತೇವೆ. ಒಂದು ದೊಡ್ಡ ಆಕಾರ, ಅದರಲ್ಲೊಂದು ಕಚ್ಚು, ಆ ಕಚ್ಚಿಗೆ ಸರಿಯಾಗಿ ಕೂರುವ ಸಣ್ಣ ಆಕಾರ. ದೊಡ್ಡದು ಬೀಗ, ಚಿಕ್ಕದು ಬೀಗದ ಕೈ ಎಂದು ಹೇಳಿ ಮುಂದಿನ ಅಂಶಕ್ಕೆ ಹೋಗುತ್ತೇವೆ. ಮಕ್ಕಳಿಗೂ ಅದು ಚೆನ್ನಾಗಿ ನೆನಪಿರುತ್ತದೆ. ಆದರೆ ಯಾರಾದರೂ ಒಬ್ಬ ವಿದ್ಯಾರ್ಥಿ ಎದ್ದು ನಿಂತು, ಅಣುವಿಗೆ ಆಕಾರ ಇದೆಯೆಂದು ಗೊತ್ತಾದದ್ದು ಹೇಗೆ, ಒಂದು ಅಣು ಇನ್ನೊಂದನ್ನು ಗುರುತಿಸುತ್ತದೆ ಎಂದು ಕಂಡವರು ಯಾರು ಎಂದು ಕೇಳಿದರೆ ಚಿತ್ರದಲ್ಲಿ ಅದಕ್ಕೆ ಉತ್ತರವಿಲ್ಲ. ಉತ್ತರವಿರುವುದು ಎಮಿಲ್ ಫಿಶರ್ ಅವರ ಬದುಕಿನಲ್ಲಿ, ಅವರು ಸಕ್ಕರೆಗಳೊಂದಿಗೆ ಕಳೆದ ಹತ್ತು ವರ್ಷಗಳಲ್ಲಿ. ಆದ್ದರಿಂದ ಈ ಲೇಖನದಲ್ಲಿ ಅವರ ಜೀವನವನ್ನು ಹೇಳಿ, ಅದರಿಂದ ನಮ್ಮ ಪಾಠಯೋಜನೆಗೆ ಏನು ಸಿಗುತ್ತದೆ ಎಂಬುದನ್ನು ಕೊನೆಯಲ್ಲಿ ನೋಡೋಣ.

ವ್ಯಾಪಾರಕ್ಕೆ ಒಗ್ಗದ ಹುಡುಗ

ಹರ್ಮನ್ ಎಮಿಲ್ ಫಿಶರ್ ಹುಟ್ಟಿದ್ದು 1852ರ ಅಕ್ಟೋಬರ್ 9ರಂದು, ಜರ್ಮನಿಯ ಕಲೋನ್ ನಗರದ ಹತ್ತಿರವಿರುವ ಒಯ್‌ಸ್ಕಿರ್ಶೆನ್ ಎಂಬ ಊರಿನಲ್ಲಿ. ತಂದೆ ಲಾರೆಂಟ್ಸ್ ಫಿಶರ್ ಅನುಕೂಲಸ್ಥ ವ್ಯಾಪಾರಿ. ಐವರು ಅಕ್ಕಂದಿರ ನಡುವೆ ಉಳಿದ ಒಬ್ಬನೇ ಮಗ ಎಮಿಲ್. ಹೀಗಿದ್ದ ಮೇಲೆ ಅಂಗಡಿ ಲೆಕ್ಕ ಅವನ ಕೈಗೇ ಬರಬೇಕೆಂದು ತಂದೆ ಬಯಸಿದ್ದು ಸಹಜ. ಶಾಲೆ ಮುಗಿದ ಮೇಲೆ ಮನೆತನದ ಮರದ ವ್ಯಾಪಾರಕ್ಕೆ ಅವನನ್ನು ಸೇರಿಸಿದರು. ಆದರೆ ಹುಡುಗನ ಮನಸ್ಸು ಅಲ್ಲಿ ನಿಲ್ಲಲಿಲ್ಲ. ವ್ಯಾಪಾರ ಮಾಡುವಷ್ಟು ಬುದ್ಧಿ ಇವನಿಗಿಲ್ಲ, ಓದಲಿಕ್ಕಾದರೂ ಹೋಗಲಿ ಎಂದು ತಂದೆ ಬೇಸತ್ತು ಒಪ್ಪಿಕೊಂಡರು ಎಂಬ ಪ್ರಸಂಗ ಅವರ ಜೀವನಚರಿತ್ರೆಗಳಲ್ಲಿ ಬರುತ್ತದೆ.

1871ರಲ್ಲಿ ಫಿಶರ್ ಬಾನ್ ವಿಶ್ವವಿದ್ಯಾಲಯ ಸೇರಿದರು. ಬೆಂಜೀನ್ ಉಂಗುರದ ರಚನೆಯನ್ನು ಸೂಚಿಸಿದ ಕೆಕುಲೆ ಅಲ್ಲಿ ಪಾಠ ಮಾಡುತ್ತಿದ್ದರು. ಆದರೂ ಫಿಶರ್‌ಗೆ ಆಗ ಹೆಚ್ಚು ಒಲವಿದ್ದದ್ದು ಭೌತಶಾಸ್ತ್ರದ ಕಡೆಗೆ. ಮರುವರ್ಷ ಸೋದರಸಂಬಂಧಿ ಒಟ್ಟೊ ಫಿಶರ್ ಜೊತೆ ಸ್ಟ್ರಾಸ್‌ಬರ್ಗ್‌ಗೆ ಹೋದಾಗ ಅಲ್ಲಿ ಅಡಾಲ್ಫ್ ಬೇಯರ್ ಎಂಬ ಗುರು ಸಿಕ್ಕರು. ಫಿಶರ್ ರಸಾಯನಶಾಸ್ತ್ರದಲ್ಲೇ ಉಳಿದದ್ದು ಬೇಯರ್ ಅವರಿಂದ. 1874ರಲ್ಲಿ ಬಣ್ಣಗಳ ಮೇಲಿನ ಸಂಶೋಧನೆಗೆ ಡಾಕ್ಟರೇಟ್ ಬಂತು. 

ಒಂದು ಹೊಸ ವಸ್ತು

ಮರುವರ್ಷ, 1875ರಲ್ಲಿ, ಫಿಶರ್ ಫೀನೈಲ್‌ಹೈಡ್ರಜೀನ್ ಎಂಬ ಹೊಸ ಸಂಯುಕ್ತವನ್ನು ಕಂಡುಹಿಡಿದರು. ಅದು ಮುಂದೆ ಏನಕ್ಕೆ ಉಪಯೋಗವಾದೀತೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಅದೇ ವರ್ಷ ಬೇಯರ್ ಮ್ಯೂನಿಕ್‌ಗೆ ಹೋದರು, ಶಿಷ್ಯನೂ ಅವರ ಹಿಂದೆ ಹೋದರು. ಅಲ್ಲಿಂದ ಎರ್ಲಾಂಗೆನ್, 1885ರಲ್ಲಿ ವ್ಯೂರ್ಟ್ಸ್‌ಬರ್ಗ್, 1892ರಲ್ಲಿ ಬರ್ಲಿನ್ ಹೀಗೆ ಊರುಗಳು ಬದಲಾದವು. ಊರು ಬದಲಾದರೂ ಫೀನೈಲ್‌ಹೈಡ್ರಜೀನ್ ಅವರ ಜೊತೆಗೇ ಬಂತು.

ಸಕ್ಕರೆಗಳ ಅಧ್ಯಯನ ಆಗ ಬಹಳ ಕಷ್ಟದ್ದಾಗಿತ್ತು. ಗ್ಲೂಕೋಸ್, ಫ್ರಕ್ಟೋಸ್, ಗ್ಯಾಲಕ್ಟೋಸ್ ಮೂರಕ್ಕೂ ಅಣುಸೂತ್ರ ಒಂದೇ, ಆದರೆ ಗುಣ ಬೇರೆ ಬೇರೆ. ಬೇರ್ಪಡಿಸೋಣವೆಂದರೆ ಪಾಕದಂತೆ ಅಂಟಂಟಾಗಿ ಉಳಿಯುತ್ತವೆ, ಸುಲಭವಾಗಿ ಹರಳುಗಟ್ಟುವುದಿಲ್ಲ. ಹರಳಾಗದ ವಸ್ತು ಶುದ್ಧವೋ ಅಲ್ಲವೋ ಎಂದು ಆ ಕಾಲದಲ್ಲಿ ಹೇಳುವುದು ಕಷ್ಟ. 1884ರಲ್ಲಿ ಫಿಶರ್ ತಾವೇ ಕಂಡುಹಿಡಿದ ಫೀನೈಲ್‌ಹೈಡ್ರಜೀನ್ ಅನ್ನು ಸಕ್ಕರೆಯೊಂದಿಗೆ ಬಿಸಿ ಮಾಡಿ ನೋಡಿದರು. ಹಳದಿ ಬಣ್ಣದ ಚಂದದ ಹರಳುಗಳು ಬಂದವು. ಅವಕ್ಕೆ ಓಸಜೋನ್ ಎಂದು ಹೆಸರು. ಬಿಎಸ್ಸಿಯಲ್ಲಿ ಓಸಜೋನ್ ಪರೀಕ್ಷೆ ಮಾಡಿ ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಂಥ ಹಳದಿ ಹರಳುಗಳನ್ನು ಕಂಡವರು ನಮ್ಮಲ್ಲಿ ಹಲವರಿದ್ದೇವೆ. ಆ ಪರೀಕ್ಷೆ ಬಂದದ್ದು ಇಲ್ಲಿಂದ.

ಈ ಹರಳುಗಳು ಇನ್ನೊಂದು ಮುಖ್ಯ ಸಂಗತಿಯನ್ನೂ ತೋರಿಸಿದವು. ಗ್ಲೂಕೋಸ್, ಮ್ಯಾನೋಸ್, ಫ್ರಕ್ಟೋಸ್ ಮೂರೂ ಕೊಡುವ ಓಸಜೋನ್ ಒಂದೇ. ಫೀನೈಲ್‌ಹೈಡ್ರಜೀನ್ ಹೋಗಿ ಸೇರಿಕೊಳ್ಳುವುದು ಸಕ್ಕರೆಯ ಮೊದಲ ಎರಡು ಇಂಗಾಲಗಳಿಗೆ. ಹಾಗಾದರೆ ಈ ಮೂರು ಸಕ್ಕರೆಗಳ ವ್ಯತ್ಯಾಸವೆಲ್ಲ ಆ ಎರಡು ಇಂಗಾಲಗಳಲ್ಲಿಯೇ ಇರಬೇಕು, ಉಳಿದ ಭಾಗ ಮೂರರಲ್ಲೂ ಒಂದೇ ಆಗಿರಬೇಕು. ಕಣ್ಣಿಗೆ ಕಾಣದ ಅಣುವಿನ ಯಾವ ಭಾಗ ಯಾವುದಕ್ಕೆ ಸಮ ಎಂಬುದನ್ನು ಪ್ರಣಾಳದಲ್ಲಿ ಬಂದ ಹರಳಿನಿಂದ ತರ್ಕಿಸಿದ ರೀತಿ ಇದು.

ಹದಿನಾರರಲ್ಲಿ ಒಂದು

1874ರಲ್ಲಿ ವಾಂಟ್ ಹಾಫ್ ಮತ್ತು ಲ ಬೆಲ್ ಇಬ್ಬರೂ ಬೇರೆ ಬೇರೆಯಾಗಿ ಒಂದು ವಿಚಾರ ಮುಂದಿಟ್ಟಿದ್ದರು. ಇಂಗಾಲದ ನಾಲ್ಕು ಬಂಧಗಳು ಕಾಗದದಂತೆ ಚಪ್ಪಟೆಯಾಗಿಲ್ಲ, ಚತುರ್ಮುಖಿಯ ನಾಲ್ಕು ಮೂಲೆಗಳ ಕಡೆಗೆ ಚಾಚಿಕೊಂಡಿವೆ ಎಂಬುದು ಆ ವಿಚಾರ. ನಾಲ್ಕು ಮೂಲೆಗೂ ಬೇರೆ ಬೇರೆ ಗುಂಪುಗಳು ಸೇರಿದರೆ ಆ ಇಂಗಾಲಕ್ಕೆ ಎರಡು ರೂಪ ಸಾಧ್ಯ. ಎಡಗೈ ಬಲಗೈಯಂತೆ ಒಂದು ಇನ್ನೊಂದರ ಕನ್ನಡಿ ಬಿಂಬ. ಗ್ಲೂಕೋಸಿನಲ್ಲಿ ಇಂಥ ಇಂಗಾಲಗಳು ನಾಲ್ಕಿವೆ. ಎರಡನ್ನು ನಾಲ್ಕು ಸಲ ಗುಣಿಸಿದರೆ 16. ಅಂದರೆ ಒಂದೇ ಸೂತ್ರ, ಒಂದೇ ಜೋಡಣೆಯ ಕ್ರಮವಿದ್ದರೂ 16 ಬೇರೆ ಬೇರೆ ಸಕ್ಕರೆಗಳಿರಬಹುದು. ಗ್ಲೂಕೋಸ್ ಈ 16ರಲ್ಲಿ ಯಾವುದು?

ಈ ಲೆಕ್ಕ ಬಿಡಿಸಲು ಫಿಶರ್ ಪಟ್ಟ ಪಾಡಿನಲ್ಲಿ ಶಿಕ್ಷಕರಿಗೆ ಇಷ್ಟವಾಗುವ ಒಂದು ಸಂಗತಿಯಿದೆ. ಇಟಲಿಯ ಬೋರ್ಡಿಗೇರಾ ಎಂಬ ಕಡಲತೀರದ ಊರಿನಲ್ಲಿ ಗುರು ಬೇಯರ್ ಜೊತೆ ಇದ್ದಾಗ ಅವರು ಬ್ರೆಡ್ಡಿನ ಉಂಡೆಗಳಿಗೆ ಹಲ್ಲುಕಡ್ಡಿ ಚುಚ್ಚಿ ಇಂಗಾಲದ ಮಾದರಿಗಳನ್ನು ಮಾಡಿ ತಿರುಗಿಸಿ ನೋಡುತ್ತಿದ್ದರು. ಆಗ ಉತ್ತರ ಸಿಗಲಿಲ್ಲ. ಅಲ್ಲಿಂದ ಬಂದು, ಸಾಧ್ಯವಿರುವ ರೂಪಗಳನ್ನೆಲ್ಲ ಕಾಗದದ ಮೇಲೆ ಬರೆದು, ಪ್ರಯೋಗಗಳಿಗೆ ಹೊಂದದ್ದನ್ನು ಒಂದೊಂದಾಗಿ ಹೊಡೆದುಹಾಕುತ್ತಾ ಹೋದರು. 1891ರಲ್ಲಿ ಗ್ಲೂಕೋಸಿನ ವಿನ್ಯಾಸ ಸಿಕ್ಕಿತು. ಮೂರು ಆಯಾಮದ ಅಣುವನ್ನು ನಿಂತ ಗೆರೆ ಮತ್ತು ಅಡ್ಡ ಗೆರೆಗಳಲ್ಲಿ ಚಪ್ಪಟೆಯಾಗಿ ಬರೆಯುವ ಪದ್ಧತಿಯನ್ನು ಅವರು ಆಗಲೇ ತಂದರು. ಇಂದಿಗೂ ಅದಕ್ಕೆ ಫಿಶರ್ ಪ್ರಕ್ಷೇಪ ಎಂದೇ ಹೆಸರು.

ಒಂದು ವಿಷಯ ಮಾತ್ರ ಪ್ರಯೋಗದಿಂದ ತಿಳಿಯುವಂತಿರಲಿಲ್ಲ. ಅವರು ಕಂಡ ವಿನ್ಯಾಸ ಮತ್ತು ಅದರ ಕನ್ನಡಿ ಬಿಂಬ ಈ ಎರಡರಲ್ಲಿ ನಿಸರ್ಗದ ಗ್ಲೂಕೋಸ್ ಯಾವುದು ಎಂದು ಹೇಳಲು ಆಗ ದಾರಿಯೇ ಇರಲಿಲ್ಲ. ಫಿಶರ್ ಒಂದನ್ನು ಆರಿಸಿ, ಎಲ್ಲ ಸಕ್ಕರೆಗಳನ್ನೂ ಅದಕ್ಕೆ ಹೊಂದಿಸಿ ಬರೆದರು. 60 ವರ್ಷಗಳ ನಂತರ, 1951ರಲ್ಲಿ, ಡಚ್ ವಿಜ್ಞಾನಿ ಬೈಫುಟ್ ಕ್ಷ-ಕಿರಣಗಳ ನೆರವಿನಿಂದ ಪರೀಕ್ಷಿಸಿದಾಗ ಫಿಶರ್ ಆರಿಸಿದ್ದೇ ಸರಿಯೆಂದು ತಿಳಿಯಿತು.

1894ರ ಪ್ರಯೋಗ

ಈಗ ಬೀಗದ ಮಾತಿಗೆ ಬರೋಣ. ಆಕಾರದಲ್ಲಿ ಮಾತ್ರ ಬೇರೆಯಾದ ಇಷ್ಟೊಂದು ಸಕ್ಕರೆಗಳು ಅಂದು ಜಗತ್ತಿನಲ್ಲಿ ಬೇರೆ ಯಾರ ಕೈಯಲ್ಲೂ ಇರಲಿಲ್ಲ. ಅವುಗಳಲ್ಲಿ ಕೆಲವು ನಿಸರ್ಗದಲ್ಲಿ ಸಿಗುವಂಥವು, ಕೆಲವು ಪ್ರಯೋಗಾಲಯದಲ್ಲಿ ಮಾತ್ರ ಹುಟ್ಟಿದವು. ಜೀವಿಗಳು ಇವುಗಳ ನಡುವೆ ವ್ಯತ್ಯಾಸ ಮಾಡುತ್ತವೆಯೇ ಎಂದು ಫಿಶರ್ ನೋಡಬಯಸಿದರು. ಥೀರ್‌ಫೆಲ್ಡರ್ ಎಂಬ ಸಹೋದ್ಯೋಗಿಯೊಂದಿಗೆ ಯೀಸ್ಟ್‌ಗಳಿಗೆ ಈ ಸಕ್ಕರೆಗಳನ್ನು ಒಂದೊಂದಾಗಿ ಕೊಟ್ಟರು. ಯೀಸ್ಟ್ ಕೆಲವನ್ನು ಹುದುಗಿಸಿತು, ಉಳಿದವನ್ನು ಮುಟ್ಟಲೇ ಇಲ್ಲ. ನಮ್ಮ ಗ್ಲೂಕೋಸನ್ನು ತಿಂದ ಯೀಸ್ಟ್ ಅದರ ಕನ್ನಡಿ ಬಿಂಬವನ್ನು ಹಾಗೆಯೇ ಬಿಟ್ಟಿತು.

ಮುಂದಿನ ಪ್ರಯೋಗ ಇನ್ನೂ ಸ್ಪಷ್ಟವಾದದ್ದು. ಗ್ಲೂಕೋಸನ್ನು ಮೀಥೈಲ್ ಆಲ್ಕೊಹಾಲ್ ಜೊತೆ ಆಮ್ಲದ ನೆರವಿನಿಂದ ವರ್ತಿಸುವಂತೆ ಮಾಡಿದರೆ ಮೀಥೈಲ್ ಗ್ಲೂಕೋಸೈಡ್ ದೊರೆಯುತ್ತದೆ. ಇದರಲ್ಲಿ ಆಲ್ಫಾ, ಬೀಟಾ ಎಂದು ಎರಡು ರೂಪ. ಎರಡರಲ್ಲೂ ಅದೇ ಪರಮಾಣುಗಳು, ಅದೇ ಬಂಧಗಳು. ಮೊದಲ ಇಂಗಾಲದಲ್ಲಿ ಒಂದು ಗುಂಪು ಯಾವ ಕಡೆಗೆ ಚಾಚಿದೆ ಎಂಬುದಷ್ಟೇ ವ್ಯತ್ಯಾಸ. ಫಿಶರ್ ಎರಡು ಕಿಣ್ವದ್ರಾವಣಗಳನ್ನು ತೆಗೆದುಕೊಂಡರು. ಒಂದು ಯೀಸ್ಟಿನಿಂದ ತೆಗೆದದ್ದು, ಇನ್ನೊಂದು ಕಹಿ ಬಾದಾಮಿಯಿಂದ ತೆಗೆದ ಎಮಲ್ಸಿನ್. ಯೀಸ್ಟಿನ ಕಿಣ್ವ ಆಲ್ಫಾ ರೂಪವನ್ನು ಒಡೆಯಿತು, ಬೀಟಾ ರೂಪವನ್ನು ಒಡೆಯಲಿಲ್ಲ. ಎಮಲ್ಸಿನ್ ಬೀಟಾ ರೂಪವನ್ನು ಒಡೆಯಿತು, ಆಲ್ಫಾ ರೂಪವನ್ನು ಒಡೆಯಲಿಲ್ಲ. ಕನ್ನಡಿ ಬಿಂಬದ ಗ್ಲೂಕೋಸಿನಿಂದ ಮಾಡಿದ ಗ್ಲೂಕೋಸೈಡನ್ನು ಎರಡೂ ಒಡೆಯಲಿಲ್ಲ.

ಆಮ್ಲ ಹಾಕಿ ಕುದಿಸಿದರೆ ಈ ಗ್ಲೂಕೋಸೈಡುಗಳೆಲ್ಲವೂ ಒಡೆಯುತ್ತವೆ. ಆಮ್ಲಕ್ಕೆ ಎಡ ಬಲದ ಗೊಡವೆ ಇಲ್ಲ, ಕಿಣ್ವಕ್ಕೆ ಇದೆ. ಹಾಗಿದ್ದರೆ ಕಿಣ್ವಕ್ಕೂ ತನ್ನದೇ ಆದ, ಎಡ ಬಲ ಗೊತ್ತಿರುವ ಆಕಾರವಿರಬೇಕು. ಅದು ಕೆಲಸ ಮಾಡಬೇಕಾದರೆ ಎದುರಿನ ಅಣು ಅದಕ್ಕೆ ಸರಿಯಾಗಿ ಹೊಂದಿಕೊಳ್ಳಬೇಕು. ಈ ತೀರ್ಮಾನವನ್ನು ಓದುಗರಿಗೆ ಮನದಟ್ಟು ಮಾಡಲು ಫಿಶರ್ 1894ರ ಲೇಖನದಲ್ಲಿ ಬೀಗ ಮತ್ತು ಬೀಗದ ಕೈಯ ಹೋಲಿಕೆ ಕೊಟ್ಟರು. ಆಗ ಕಿಣ್ವವೆಂದರೆ ಏನೆಂಬುದೇ ಯಾರಿಗೂ ತಿಳಿದಿರಲಿಲ್ಲ ಎಂಬುದನ್ನು ನೆನಪಿಡಬೇಕು. ಕಿಣ್ವವನ್ನು ಹರಳಾಗಿಸಿ ಅದು ಪ್ರೋಟೀನ್ ಎಂದು ಸಮ್ನರ್ ತೋರಿಸಿದ್ದು 1926ರಲ್ಲಿ. ಬೀಗವನ್ನು ಕಾಣದೆಯೇ, ಯಾವ ಕೈ ತಿರುಗುತ್ತದೆ ಯಾವುದು ತಿರುಗುವುದಿಲ್ಲ ಎಂಬುದರಿಂದ ಬೀಗದ ಒಳಗನ್ನು ಊಹಿಸಿದ್ದು ಫಿಶರ್ ಅವರ ಸಾಧನೆ.

ಗೆಲುವು ಮತ್ತು ನಷ್ಟ

ಆ ಲೇಖನ ಬಂದ ಮರುವರ್ಷ, 1895ರಲ್ಲಿ, ಪತ್ನಿ ಆಗ್ನೆಸ್ ತೀರಿಕೊಂಡರು. ಮದುವೆಯಾಗಿ ಏಳೇ ವರ್ಷವಾಗಿತ್ತು. ಮೂವರು ಚಿಕ್ಕ ಗಂಡುಮಕ್ಕಳು. ಫಿಶರ್ ಮತ್ತೆ ಮದುವೆಯಾಗಲಿಲ್ಲ.

ಅವರ ದೇಹವೂ ಅಷ್ಟರಲ್ಲಿ ಬಳಲಿತ್ತು. ಸಕ್ಕರೆಗಳ ಗುಟ್ಟು ಬಿಡಿಸಿಕೊಟ್ಟ ಫೀನೈಲ್‌ಹೈಡ್ರಜೀನ್ ವಿಷಕಾರಿ. ವರ್ಷಗಟ್ಟಲೆ ಅದರ ಸಂಪರ್ಕದಿಂದ ಅವರಿಗೆ ಚರ್ಮದ ಮತ್ತು ಹೊಟ್ಟೆಯ ತೊಂದರೆಗಳು ಅಂಟಿಕೊಂಡವು. ಬರ್ಲಿನ್‌ನಲ್ಲಿ 1900ರಲ್ಲಿ ಅವರಿಗಾಗಿ ಹೊಸ ರಸಾಯನಶಾಸ್ತ್ರ ಸಂಸ್ಥೆಯ ಕಟ್ಟಡ ಸಿದ್ಧವಾಯಿತು. ಪ್ರಯೋಗಾಲಯದಲ್ಲಿ ಗಾಳಿ ಚೆನ್ನಾಗಿ ಆಡಬೇಕೆಂಬುದರ ಬಗ್ಗೆ ಅವರಿಗೆ ವಿಶೇಷ ಕಾಳಜಿಯಿತ್ತು.

ಕೆಲಸ ನಿಲ್ಲಲಿಲ್ಲ. ಸಕ್ಕರೆಗಳ ಜೊತೆಗೇ ಇನ್ನೊಂದು ಕುಟುಂಬದ ಅಣುಗಳನ್ನು ಅವರು ಬಿಡಿಸುತ್ತಿದ್ದರು. ಕಾಫಿಯ ಕೆಫೀನ್, ಕೋಕೋದ ಥಿಯೋಬ್ರೋಮಿನ್, ಯೂರಿಕ್ ಆಮ್ಲ ಇವೆಲ್ಲ ಒಂದೇ ಮೂಲ ರಚನೆಯಿಂದ ಬಂದವೆಂದು ತೋರಿಸಿ, ಆ ಮೂಲಕ್ಕೆ ಪ್ಯೂರಿನ್ ಎಂದು ಹೆಸರಿಟ್ಟರು. 1898ರಲ್ಲಿ ಪ್ಯೂರಿನ್ ಅನ್ನೇ ತಯಾರಿಸಿದರು. ಸಕ್ಕರೆ ಮತ್ತು ಪ್ಯೂರಿನ್‌ಗಳ ಈ ಕೆಲಸಕ್ಕೆ 1902ರ ನೊಬೆಲ್ ಪ್ರಶಸ್ತಿ ಬಂತು. ರಸಾಯನಶಾಸ್ತ್ರದ ಮೊದಲ ನೊಬೆಲ್ ಹಿಂದಿನ ವರ್ಷ ವಾಂಟ್ ಹಾಫ್ ಅವರಿಗೆ ಸಂದಿತ್ತು. ಅನಂತರ ಫಿಶರ್ ಪ್ರೋಟೀನುಗಳ ಕಡೆಗೆ ತಿರುಗಿದರು. ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಪೋಣಿಸುವ ವಿಧಾನ ಕಂಡು, 1907ರ ಹೊತ್ತಿಗೆ 18 ಅಮೈನೋ ಆಮ್ಲಗಳ ಸರಪಳಿಯನ್ನು ಕಟ್ಟಿದರು. ಮುಂದೆ ನೊಬೆಲ್ ಪಡೆದ ಒಟ್ಟೊ ಡೀಲ್ಸ್ ಮತ್ತು ಒಟ್ಟೊ ವಾರ್‌ಬರ್ಗ್ ಇಬ್ಬರೂ ಅವರ ಶಿಷ್ಯರು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಜರ್ಮನಿಯ ನಡೆಯನ್ನು ಸಮರ್ಥಿಸಿದ 93 ಮಂದಿ ವಿದ್ವಾಂಸರ ಹೇಳಿಕೆಗೆ ಫಿಶರ್ ಸಹಿಯೂ ಇತ್ತು. ದೇಶದ ರಾಸಾಯನಿಕ ಉತ್ಪಾದನೆಯನ್ನು ಸಂಘಟಿಸುವ ಕೆಲಸದಲ್ಲಿ ಅವರು ತೊಡಗಿದರು. ಮಹಾನ್ ವಿಜ್ಞಾನಿಯ ಬದುಕನ್ನು ಹೇಳುವಾಗ ಈ ಭಾಗವನ್ನು ಬಿಟ್ಟು ಹೇಳುವುದು ನ್ಯಾಯವಲ್ಲ. ಯುದ್ಧದ ವರ್ಷಗಳಲ್ಲಿಯೇ ಅವರ ಇಬ್ಬರು ಗಂಡುಮಕ್ಕಳು ತೀರಿಕೊಂಡರು. ಉಳಿದ ಹಿರಿಯ ಮಗ ಹರ್ಮನ್ ಮುಂದೆ ಜೀವರಸಾಯನ ವಿಜ್ಞಾನಿಯಾದರು. ಕ್ಯಾನ್ಸರಿಗೆ ತುತ್ತಾಗಿದ್ದ ಫಿಶರ್ 1919ರ ಜುಲೈ 15ರಂದು ಬರ್ಲಿನ್‌ನಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ 66 ವರ್ಷ.

ಹೋಲಿಕೆ ಬೆಳೆದ ಬಗೆ

ಅವರ ನಂತರವೂ ಬೀಗದ ಹೋಲಿಕೆ ಕೆಲಸ ಮಾಡುತ್ತಲೇ ಇತ್ತು, ತಿದ್ದುಪಡಿಯೂ ಆಯಿತು. ಕಬ್ಬಿಣದ ಬೀಗ ತನ್ನ ಆಕಾರ ಬದಲಿಸುವುದಿಲ್ಲ, ಆದರೆ ಪ್ರೋಟೀನು ಬದಲಿಸುತ್ತದೆ. 1958ರಲ್ಲಿ ಅಮೆರಿಕದ ಡೇನಿಯಲ್ ಕೋಶ್‌ಲ್ಯಾಂಡ್, ಅಣು ಬಂದು ಕೂತಾಗ ಕಿಣ್ವವೂ ತುಸು ಬಾಗಿ ಹೊಂದಿಕೊಳ್ಳುತ್ತದೆ ಎಂದು ವಿವರಿಸಿದರು. ಕೈ ತೂರಿಸಿದಾಗ ಕೈಗವಸು ಆಕಾರ ಪಡೆಯುವ ಹಾಗೆ.

ಅಣುಗಳು ಒಂದನ್ನೊಂದು ಗುರುತಿಸುವುದು ಕಿಣ್ವಗಳಲ್ಲಿ ಮಾತ್ರವಲ್ಲ ಎಂಬುದೂ ತಿಳಿಯಿತು. ಡಿಎನ್ಎಯ ಎರಡು ಎಳೆಗಳನ್ನು ನೋಡಿ. ಅಡೆನಿನ್ ಥೈಮಿನ್ ಜೊತೆ ಎರಡು ಹೈಡ್ರೋಜನ್ ಬಂಧಗಳಿಂದ, ಗ್ವಾನಿನ್ ಸೈಟೋಸಿನ್ ಜೊತೆ ಮೂರು ಹೈಡ್ರೋಜನ್ ಬಂಧಗಳಿಂದ ಕೂಡುತ್ತದೆ. ಅಡೆನಿನ್ ಮತ್ತು ಗ್ವಾನಿನ್ ಎರಡೂ ಫಿಶರ್ ಹೆಸರಿಟ್ಟ ಪ್ಯೂರಿನ್ ಕುಟುಂಬಕ್ಕೆ ಸೇರಿದವು. ಈ ಬಂಧಗಳು ಒಂದೊಂದೂ ದುರ್ಬಲ. ಆದರೆ ಸರಿಯಾದ ಜಾಗದಲ್ಲಿ ಹಲವು ಸೇರಿದಾಗ ಹಿಡಿತ ಬಿಗಿಯಾಗುತ್ತದೆ, ಬೇಕಾದಾಗ ಬಿಚ್ಚಿಕೊಳ್ಳಲೂ ಬರುತ್ತದೆ.

1967ರಲ್ಲಿ ಚಾರ್ಲ್ಸ್ ಪೆಡರ್ಸನ್ ಕಿರೀಟದಂಥ ಉಂಗುರದ ಅಣುಗಳನ್ನು ಪ್ರಕಟಿಸಿದರು. ಅವುಗಳಿಗೆ ಕ್ರೌನ್ ಈಥರ್ ಎಂದು ಹೆಸರು. ಉಂಗುರದ ನಡುವಿನ ಜಾಗ ಎಷ್ಟಿದೆಯೋ ಅದಕ್ಕೆ ತಕ್ಕ ಲೋಹದ ಅಯಾನು ಅದರಲ್ಲಿ ಹೋಗಿ ಕೂರುತ್ತದೆ. ಹದಿನೆಂಟು ಪರಮಾಣುಗಳ ಉಂಗುರದಲ್ಲಿ ಆರು ಆಕ್ಸಿಜನ್ ಇರುವ ಕ್ರೌನ್ ಈಥರಿಗೆ ಪೊಟ್ಯಾಸಿಯಂ ಅಯಾನು ಸರಿಯಾಗಿ ಹಿಡಿಸುತ್ತದೆ. ಡೊನಾಲ್ಡ್ ಕ್ರಾಮ್ ಮತ್ತು ಝಾನ್ ಮಾರಿ ಲೆನ್ ಇದನ್ನು ಮುಂದುವರಿಸಿದರು. ಬೇಕಾದ ಅತಿಥಿಯನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುವ ಆತಿಥೇಯ ಅಣುಗಳನ್ನು ಮನುಷ್ಯರೇ ಕಟ್ಟಬಲ್ಲರೆಂದು ತೋರಿಸಿದರು. ಅಣುಗಳು ಸೇರಿ ಆಗುವ ಇಂಥ ಕೂಟಗಳ ಅಧ್ಯಯನಕ್ಕೆ ಲೆನ್ ಸುಪ್ರಾಮಾಲಿಕ್ಯುಲರ್ ರಸಾಯನಶಾಸ್ತ್ರ ಎಂದು ಹೆಸರು ಕೊಟ್ಟರು. 1987ರ ನೊಬೆಲ್ ಈ ಮೂವರಿಗೂ ಸೇರಿ ಬಂತು. ಅಣುಗಳು ಒಂದನ್ನೊಂದು ಆಕಾರದಿಂದ ಗುರುತಿಸುತ್ತವೆ ಎಂಬ ಅವರೆಲ್ಲರ ಮೂಲ ವಿಚಾರ ಫಿಶರ್ ಅವರ 1894ರ ಲೇಖನದಲ್ಲಿ ಆಗಲೇ ಇದೆ.

ತರಗತಿಯಲ್ಲಿ

ಈ ಜೀವನದಿಂದ ನಮ್ಮ ಪಾಠಯೋಜನೆಗೆ ಸಿಗುವ ಮುಖ್ಯ ಸೂಚನೆ ಒಂದೇ. ಚಿತ್ರವನ್ನು ಕೊನೆಯಲ್ಲಿ ಬರೆಯೋಣ, ಪ್ರಯೋಗವನ್ನು ಮೊದಲು ಹೇಳೋಣ. ಫಿಶರ್ ಅವರಿಗೆ ಹೋಲಿಕೆ ಸಿಕ್ಕಿದ್ದು ಪುರಾವೆಯ ನಂತರ. ನಾವು ಅದನ್ನು ತಲೆಕೆಳಗು ಮಾಡಿ ಹೋಲಿಕೆಯಿಂದಲೇ ಶುರುಮಾಡಿದರೆ ಮಕ್ಕಳು ಹೋಲಿಕೆಯನ್ನೇ ಸತ್ಯವೆಂದು ತಿಳಿಯುತ್ತಾರೆ. ಕಿಣ್ವದಲ್ಲಿ ನಿಜವಾಗಿ ತೂತಿದೆ, ಅಣುವಿಗೆ ಹಲ್ಲುಗಳಿವೆ ಎಂದುಕೊಳ್ಳುತ್ತಾರೆ. ಆಮೇಲೆ ಕೋಶ್‌ಲ್ಯಾಂಡ್ ಅವರ ತಿದ್ದುಪಡಿ ಬಂದಾಗ ಹಿಂದೆ ಕಲಿತದ್ದೆಲ್ಲ ತಪ್ಪೆಂಬ ಗೊಂದಲವಾಗುತ್ತದೆ.

ಇದಕ್ಕೆ ದುಬಾರಿ ಬೋಧನೋಪಕರಣ ಬೇಡ. ಮೊದಲ ಚಟುವಟಿಕೆಗೆ ನಾಲ್ಕು ಬೆಂಕಿಕಡ್ಡಿ ಸಾಕು. ಒಂದು ನಿಂತ ಗೆರೆ ಎಳೆದು, ಅದರ ಉದ್ದಕ್ಕೂ ಕಡ್ಡಿಗಳ ತಲೆ ಎಡಕ್ಕೋ ಬಲಕ್ಕೋ ಬರುವಂತೆ ಇಡಲು ಹೇಳಿ, ಎಷ್ಟು ಬಗೆಯಲ್ಲಿ ಇಡಬಹುದೆಂದು ಗುಂಪುಗಳಿಗೆ ಕೇಳಬಹುದು. ಎಲ್ಲ ಗುಂಪುಗಳೂ ಕೊನೆಗೆ 16ಕ್ಕೆ ಬಂದು ನಿಲ್ಲುತ್ತವೆ. ಎರಡನೆಯದಕ್ಕೆ ಏನೂ ಬೇಡ. ಪಕ್ಕದವರ ಕೈ ಕುಲುಕಲು ಹೇಳಿದರಾಯಿತು. ಬಲಗೈಗೆ ಬಲಗೈ ಸರಿಯಾಗಿ ಕೂರುತ್ತದೆ, ಬಲಗೈಗೆ ಎಡಗೈ ಕೊಟ್ಟರೆ ಹೊಂದುವುದಿಲ್ಲ. ಎರಡು ಕೈಗಳಲ್ಲೂ ಐದೇ ಬೆರಳು, ಅದೇ ಕ್ರಮ. ಹಾಗಿದ್ದರೆ ಯಾಕೆ ಹೊಂದುವುದಿಲ್ಲ ಎಂದು ಕೇಳಿ. ಆಮೇಲೆ ಆಲ್ಫಾ, ಬೀಟಾ ಗ್ಲೂಕೋಸೈಡುಗಳ ಫಲಿತಾಂಶವನ್ನು ಒಂದು ಸಣ್ಣ ಕೋಷ್ಟಕವಾಗಿ ಹಲಗೆಯ ಮೇಲೆ ಬರೆದು, ಇದಕ್ಕೆ ಕಾರಣ ಏನಿರಬಹುದೆಂದು ಮಕ್ಕಳನ್ನೇ ಕೇಳಬೇಕು. ಬೀಗ ಎಂಬ ಪದ ಅವರ ಬಾಯಿಂದಲೇ ಬಂದರೆ ಪಾಠದ ಉದ್ದೇಶ ಈಡೇರಿದಂತೆ.

ಪದಗಳ ಬಗ್ಗೆಯೂ ಒಂದು ಎಚ್ಚರ ಬೇಕು. ಹಳೆ ಮೈಸೂರಿನ ಕಡೆ ಬೀಗ, ಬೀಗದ ಕೈ ಎನ್ನುತ್ತೇವೆ. ಉತ್ತರ ಕರ್ನಾಟಕದಲ್ಲಿ ಕೀಲಿ ಎಂದರೆ ಬೀಗ, ತೆರೆಯುವುದು ಕೀಲಿಕೈ. ಬೀಗ ಮತ್ತು ಕೀಲಿ ಎಂದು ಬರೆದುಬಿಟ್ಟರೆ ಅಲ್ಲಿನ ಮಕ್ಕಳಿಗೆ ಎರಡೂ ಬೀಗವೇ ಆಗಿ ಹೋಲಿಕೆಯ ಅರ್ಥವೇ ಕೆಡುತ್ತದೆ. ಬೋಧನಾಭ್ಯಾಸಕ್ಕೆ ಹೋದ ಊರಿನ ಮಾತನ್ನು ಮೊದಲು ಕೇಳಿಕೊಂಡು ಹಲಗೆಯ ಮೇಲೆ ಬರೆಯುವುದು ಒಳ್ಳೆಯದು. ಇನ್ನು ಓಸಜೋನ್ ಹರಳುಗಳು ಎಷ್ಟೇ ಚಂದವಿದ್ದರೂ ಶಾಲೆಯಲ್ಲಿ ಆ ಪ್ರಯೋಗ ಬೇಡ, ಚಿತ್ರ ತೋರಿಸಿದರೆ ಸಾಕು. ಫೀನೈಲ್‌ಹೈಡ್ರಜೀನ್ ಏನು ಮಾಡುತ್ತದೆಂಬುದಕ್ಕೆ ಅದನ್ನು ಕಂಡುಹಿಡಿದವರ ದೇಹವೇ ಸಾಕ್ಷಿ.

ಬೀಗದ ಚಿತ್ರ ಬರೆಯಲು ನಮಗೆ ಅರ್ಧ ನಿಮಿಷ ಸಾಕು. ಅದರ ಹಿಂದಿನ ಪ್ರಯೋಗ ಹೇಳಲು ಒಂದು ಹತ್ತು ನಿಮಿಷ ಹೆಚ್ಚು ಬೇಕಾದೀತು. 40 ನಿಮಿಷದ ತರಗತಿಯಲ್ಲಿ ಆ ಹತ್ತು ನಿಮಿಷಕ್ಕೆ ಜಾಗ ಮಾಡಿಕೊಂಡರೆ, ಅಣುವಿಗೆ ಆಕಾರವಿದೆಯೆಂದು ಹೇಗೆ ಗೊತ್ತಾಯಿತು ಎಂದು ಕೇಳುವ ವಿದ್ಯಾರ್ಥಿಗೆ ನಮ್ಮ ಬಳಿ ಉತ್ತರವಿರುತ್ತದೆ.